ಲಾರಿಗೆ ಜಿಪಿಎಸ್, ಬಿಲ್ಟಿಗೆ ಸಾಫ್ಟ್‌ವೇರ್: ಘಾಟಿ ದಾರಿಯಲ್ಲಿ ನಾವು ಪರೀಕ್ಷಿಸುವ ಬಗೆ

ಮೊದಲು ಬ್ರೋಕರ್‌ಗೆ ಒಂದು ಫೋನ್, ಕೈಬರಹದ ಬಿಲ್ಟಿ (ಸರಕು ಸಾಗಣೆಯ ರಸೀದಿ), ಡ್ರೈವರ್ ಕೈಗೆ ಅಡ್ವಾನ್ಸ್, ಇಷ್ಟಿದ್ದರೆ ಲೋಡ್ ಹೊರಡುತ್ತಿತ್ತು. ಈಗ ಸರಕು ಕೊಡುವ ದೊಡ್ಡ ಕಂಪನಿಗಳು ಲೈವ್ ಲೊಕೇಶನ್ ಮತ್ತು ಡಿಜಿಟಲ್ ಪಿಒಡಿ (ಸರಕು ತಲುಪಿದ್ದಕ್ಕೆ ಪುರಾವೆ) ಕೇಳುತ್ತವೆ. ಕೊಡಲಾಗದವರಿಗೆ ಲೋಡ್ ಸಿಗುವುದು ಕಷ್ಟ. ಹಾಗಾಗಿ ಶಿವಮೊಗ್ಗದಂಥ ಊರಿನ ಸಣ್ಣ ಟ್ರಾನ್ಸ್‌ಪೋರ್ಟಿನವರೂ ಟ್ರ್ಯಾಕಿಂಗ್ ಡಿವೈಸ್ ಮತ್ತು ಸಾಫ್ಟ್‌ವೇರ್ ಕಂಪನಿಯೊಂದನ್ನು ಆರಿಸಿಕೊಳ್ಳಲೇಬೇಕಾಗಿದೆ. ನಮ್ಮ ಅನುಭವದಲ್ಲಿ ಆಫೀಸಿನಲ್ಲಿ ಕೂತು ಡೆಮೊ ನೋಡಿ ಆರಿಸುವುದರಿಂದ ಪ್ರಯೋಜನವಿಲ್ಲ. ಚತುಷ್ಪಥದ ಮೇಲೆ ಯಾರ ಡಿವೈಸ್ ಆದರೂ ಚೆನ್ನಾಗಿಯೇ ಓಡುತ್ತದೆ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಕ್ಕೆ ಅವಕಾಶವಿಲ್ಲದ್ದರಿಂದ ಕುಂದಾಪುರದ ಕಡೆ ಇಳಿಯುವ ಲೋಡ್ ಲಾರಿಗೆ ಹುಲಿಕಲ್ ಘಾಟಿಯ ದಾರಿ ಬೇಕು. ಆ ದಾರಿಯಲ್ಲಿ, ಮಳೆಗಾಲದಲ್ಲಿ ಏನು ತೋರಿಸುತ್ತದೆ ಎನ್ನುವುದೇ ನಮಗೆ ಮುಖ್ಯ.

ನಾವು ಒಂದೇ ಲಾರಿಗೆ ಇಬ್ಬರು ಮಾರಾಟಗಾರರ ಡಿವೈಸ್ ಒಟ್ಟಿಗೆ ಹಾಕಿಸುತ್ತೇವೆ, ಎರಡಕ್ಕೂ ಪ್ರತ್ಯೇಕ ಫ್ಯೂಸ್. ಲಾರಿ ಬ್ಯಾಟರಿ 24 ವೋಲ್ಟ್. ಕಾರಿನ 12 ವೋಲ್ಟ್‌ಗೆಂದೇ ಮಾಡಿದ್ದು ಇಲ್ಲಿ ಸುಟ್ಟುಹೋಗುತ್ತದೆ. ಇಗ್ನಿಷನ್ ವೈರ್ ಸೇರಿಸಿದ್ದಾರೆಯೇ ನೋಡಿಕೊಳ್ಳಬೇಕು. ಅವಸರದಲ್ಲಿ ಅದನ್ನು ಬಿಟ್ಟರೆ ಎಂಜಿನ್ ಚಾಲೂ ಇಟ್ಟು ನಿಂತದ್ದಕ್ಕೂ ಆಫ್ ಮಾಡಿ ನಿಂತದ್ದಕ್ಕೂ ರಿಪೋರ್ಟಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ವೈರನ್ನು ಡಿವೈಸಿಗಿಂತ ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತಂದು ಸಿಕ್ಕಿಸಬೇಕು. ಆಗ ನೀರು ಬಳುಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಕನೆಕ್ಟರ್‌ಗೆ ಕಿಲುಬು ಹಿಡಿಯುವುದಿಲ್ಲ.

ಮುಂದಿನದು ನೆಟ್‌ವರ್ಕ್. ಕಾಡಿನ ನಡುವೆ ಸಿಗ್ನಲ್ ಇಲ್ಲದಿರುವುದು ತಪ್ಪಲ್ಲ. ಆ ಹೊತ್ತಿನ ಲೊಕೇಶನ್‌ಗಳನ್ನು ಡಿವೈಸ್ ತನ್ನಲ್ಲೇ ಉಳಿಸಿಕೊಂಡು ಸಿಗ್ನಲ್ ಸಿಕ್ಕ ಕೂಡಲೇ ಕಳಿಸಬೇಕು. ವಾಹನ ಟ್ರ್ಯಾಕಿಂಗ್ ಡಿವೈಸ್‌ಗಳಿಗೆ ನಮ್ಮ ದೇಶದಲ್ಲಿರುವ ಎಐಎಸ್-140 ಮಾನದಂಡದ ಪ್ರಕಾರ 40,000 ಲೊಕೇಶನ್‌ಗಳಷ್ಟು ಮೆಮೊರಿ ಮತ್ತು 4 ಗಂಟೆ ನಡೆಸುವ ಒಳಬ್ಯಾಟರಿ ಇರಬೇಕು. ಇದನ್ನು ಪರೀಕ್ಷಿಸಲು ಕಚ್ಚಾ ಡೇಟಾ ಕೇಳಿ. ಅದರಲ್ಲಿ ಉಪಗ್ರಹದಿಂದ ಸ್ಥಳ ಸಿಕ್ಕ ಸಮಯ ಒಂದು ಕಾಲಂ, ಸರ್ವರ್‌ಗೆ ತಲುಪಿದ ಸಮಯ ಇನ್ನೊಂದು ಕಾಲಂ ಇರಬೇಕು. ಎರಡರ ನಡುವೆ ಅರ್ಧ ಗಂಟೆ ಅಂತರವಿದ್ದರೂ ಚಿಂತೆಯಿಲ್ಲ, ಸಾಲುಗಳು ಮಾತ್ರ ತಪ್ಪಿಹೋಗಿರಬಾರದು. ನಕ್ಷೆಯ ಮೇಲೆ ನೇರ ಗೆರೆ ಎಳೆದು ಖಾಲಿ ಜಾಗ ಮುಚ್ಚುವ ಸಾಫ್ಟ್‌ವೇರುಗಳಿವೆ, ಕಚ್ಚಾ ಡೇಟಾ ನೋಡದೆ ಅದು ಗೊತ್ತಾಗುವುದಿಲ್ಲ.

ಕಿಲೋಮೀಟರ್ ಲೆಕ್ಕದ ಮೇಲೆ ಡ್ರೈವರ್ ಜೊತೆ ಜಗಳವಾಗುವುದು ಹೆಚ್ಚಾಗಿ ಘಾಟಿಯಲ್ಲಿ. ನಿಮಿಷಕ್ಕೊಮ್ಮೆ ಲೊಕೇಶನ್ ಕಳಿಸುವ ಡಿವೈಸ್ ಇದ್ದು, ಲಾರಿ ಗಂಟೆಗೆ 20 ಕಿ.ಮೀ. ವೇಗದಲ್ಲಿದ್ದರೆ ಎರಡು ಲೊಕೇಶನ್‌ಗಳ ನಡುವೆ ಸುಮಾರು 333 ಮೀಟರ್ ಸಾಗಿರುತ್ತದೆ. ಅಷ್ಟರಲ್ಲಿ ಹೇರ್‌ಪಿನ್ ತಿರುವೊಂದು ಮುಗಿದೇ ಹೋಗಿರಬಹುದು. ಸಾಫ್ಟ್‌ವೇರ್ ಎರಡರ ನಡುವೆ ನೇರವಾಗಿ ಅಳೆಯುವುದರಿಂದ ದೂರ ಕಡಿಮೆ ಬೀಳುತ್ತದೆ, ಮೈಲೇಜ್ ಕೆಟ್ಟಂತೆ ಕಾಣುತ್ತದೆ, ಡೀಸೆಲ್ ಕದ್ದ ಆರೋಪ ಡ್ರೈವರ್ ತಲೆಗೆ ಬರುತ್ತದೆ. ಅವರಿಗೆ ಇದು ದೊಡ್ಡ ಅನ್ಯಾಯ. ಆದ್ದರಿಂದ 10 ಸೆಕೆಂಡಿಗೊಮ್ಮೆ, ಜೊತೆಗೆ ದಿಕ್ಕು ಬದಲಾದಾಗಲೆಲ್ಲ ಲೊಕೇಶನ್ ಕಳಿಸುವ ಸೆಟ್ಟಿಂಗ್ ಬೇಕೇ ಬೇಕು. ಓಡೋಮೀಟರ್ ಜೊತೆ ತಾಳೆ ಹಾಕುವುದು ಘಾಟಿ ಹತ್ತಿ ಇಳಿದ ಟ್ರಿಪ್ಪಿನಲ್ಲೇ ಆಗಬೇಕು.

ಡೀಸೆಲ್ ಸೆನ್ಸರ್ ಕೊಳ್ಳುವುದಾದರೆ ಟ್ಯಾಂಕ್ ಖಾಲಿ ಮಾಡಿ, 20 ಲೀಟರ್‌ನಂತೆ ತುಂಬುತ್ತಾ ಪ್ರತಿ ಬಾರಿಯ ರೀಡಿಂಗ್ ಬರೆದು ಪಟ್ಟಿ ಮಾಡಿಸಬೇಕು. ಟ್ಯಾಂಕಿನ ಮೂಲೆಗಳು ದುಂಡಗಿರುವುದರಿಂದ ಎರಡು ಮೂರು ರೀಡಿಂಗ್ ತೆಗೆದುಕೊಂಡು ಉಳಿದದ್ದನ್ನು ಅಂದಾಜು ಮಾಡಿದರೆ ಲೆಕ್ಕ ತಪ್ಪುತ್ತದೆ. ಸೆನ್ಸರಿನ ರಾಡ್ ಟ್ಯಾಂಕಿನ ನಟ್ಟನಡುವೆ ಇರಲಿ. ಒಂದು ಬದಿಗಿದ್ದರೆ ಇಳಿಜಾರಿನಲ್ಲಿ ಡೀಸೆಲ್ ಆಚೆ ಸರಿದಾಗ ‘ಕಳವು’ ಅಲಾರಂ ಬಡಿದುಕೊಳ್ಳುತ್ತದೆ.

ಬಾಡಿಗೆಗೆ ಹಿಡಿದ ಹೊರಗಿನ ಲಾರಿಗೆ ಡಿವೈಸ್ ಹಾಕಲಾಗುವುದಿಲ್ಲ. ಅಲ್ಲಿ ಡ್ರೈವರ್ ಒಪ್ಪಿಗೆ ಪಡೆದು ಸಿಮ್ ಟ್ರ್ಯಾಕಿಂಗ್, ಇಲ್ಲವೇ ಫಾಸ್ಟ್ಯಾಗ್ ದಾಖಲೆ. ಮಲೆನಾಡಿನಲ್ಲಿ ಟವರ್‌ಗಳು ದೂರದೂರ ಇರುವುದರಿಂದ ಸಿಮ್ ತೋರಿಸುವ ಜಾಗ ಕಿಲೋಮೀಟರ್‌ಗಟ್ಟಲೆ ಆಚೀಚೆ ಇರುತ್ತದೆ. ಟೋಲ್ ಇಲ್ಲದ ದಾರಿಯಲ್ಲಿ ಫಾಸ್ಟ್ಯಾಗ್ ಏನೂ ಹೇಳದು. ಸರಕು ಕೊಡುವ ಪಾರ್ಟಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇನ್ನು ಬಿಲ್ಟಿ ಸಾಫ್ಟ್‌ವೇರ್. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ತರಗತಿಗಳನ್ನು ನಾವೇ ಸೇರಿಸಿಕೊಳ್ಳಲು ಬರಬೇಕು. ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್‌ನ ಅವಧಿಯನ್ನು ಅದು ತಾನೇ ಕಾಯಬೇಕು. 2021ರ ಜನವರಿಯಿಂದ 200 ಕಿ.ಮೀ. ಅಥವಾ ಅದರ ಭಾಗಕ್ಕೆ ಒಂದು ದಿನ. ಅಂದರೆ 2,050 ಕಿ.ಮೀ. ದಾರಿಗೆ 11 ದಿನ. ಮುಗಿಯುವ ಮುಂಚಿನ 8 ಗಂಟೆ ಮತ್ತು ನಂತರದ 8 ಗಂಟೆಯೊಳಗೆ ಮಾತ್ರ ಅವಧಿ ವಿಸ್ತರಿಸಬಹುದು. ಗುಡ್ಡ ಕುಸಿದು ಲಾರಿ ನಿಂತರೆ ಆ ಹೊತ್ತು ರಾತ್ರಿ ಎರಡಕ್ಕೂ ಬರಬಹುದು. ಹಾಗಾಗಿ ಎಚ್ಚರಿಕೆ ಕ್ಲರ್ಕ್ ಒಬ್ಬರ ಕಂಪ್ಯೂಟರಿಗೆ ಬಂದರೆ ಸಾಲದು, ಇಬ್ಬರ ಮೊಬೈಲಿಗೆ ಬರಬೇಕು. ದಾರಿಯಲ್ಲಿ ಲಾರಿ ಬದಲಿಸಿದರೆ ಇ-ವೇ ಬಿಲ್‌ನ ವಾಹನ ವಿವರದ ಭಾಗವಾದ ಪಾರ್ಟ್-ಬಿಯಲ್ಲಿ ಹೊಸ ನಂಬರ್ ಹಾಕುವುದು ಮೊಬೈಲಿನಲ್ಲೇ ಆಗುತ್ತದೆಯೇ ಎಂದೂ ನೋಡಿ.

ಮಾರಾಟಗಾರ ಕಾನೂನಿನ ಬದಲಾವಣೆಗೆ ಎಷ್ಟು ಬೇಗ ಹೊಂದಿಕೊಳ್ಳುತ್ತಾನೆ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು. 2025ರ ಸೆಪ್ಟೆಂಬರ್ 22ರಿಂದ, ಟ್ರಾನ್ಸ್‌ಪೋರ್ಟಿನವರೇ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ಹೊಂದಾಣಿಕೆ) ಸಹಿತ ಜಿಎಸ್‌ಟಿ ಕಟ್ಟುವ ಆಯ್ಕೆಯಲ್ಲಿ 12% ಹೋಗಿ 18% ಬಂತು. ಅದಕ್ಕೂ ಮುಂಚಿನ ಬಿಲ್ಲೊಂದಕ್ಕೆ ಇವತ್ತು ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸುವ ಪತ್ರ) ತೆಗೆದು ತೋರಿಸಲು ಹೇಳಿ. 18% ಬಂದರೆ ಅವರು ದರವನ್ನು ತಾರೀಖಿಗೆ ಜೋಡಿಸಿಲ್ಲ, ಹಳೆಯದನ್ನು ಅಳಿಸಿ ಹೊಸದು ಬರೆದಿದ್ದಾರೆ.

ಡ್ರೈವರ್ ಆ್ಯಪ್ ಪರೀಕ್ಷಿಸಲು ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿ ಪಿಒಡಿ ಫೋಟೊ ತೆಗೆಯಿರಿ, ಆ್ಯಪ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಫೋಟೊ ಅಲ್ಲೇ ಇದ್ದು, ನೆಟ್ ಬಂದಾಗ ತಾನಾಗಿ ಹೋದರೆ ಸರಿ.

ಒಪ್ಪಂದ ಒಂದು ವರ್ಷಕ್ಕಷ್ಟೇ. ಮೂರು ವರ್ಷಕ್ಕೆ ಸಹಿ ಹಾಕಿದರೆ ರಿಯಾಯಿತಿ ಸಿಗುತ್ತದೆ ನಿಜ, ಆದರೆ ಈ ಮಾರುಕಟ್ಟೆಯಲ್ಲಿ ಆ ಕಂಪನಿಯನ್ನು ಇನ್ಯಾರೋ ಕೊಂಡಿರಬಹುದು, ದೊಡ್ಡ ಪಾರ್ಟಿ ಬೇರೆ ಪ್ಲಾಟ್‌ಫಾರ್ಮ್ ಬೇಕೆನ್ನಬಹುದು. ಡಿವೈಸ್ ಯಾರ ಸ್ವತ್ತು, ಸಿಮ್ ರೀಚಾರ್ಜ್ ಯಾರದು, ಕೆಟ್ಟರೆ ಶಿವಮೊಗ್ಗಕ್ಕೆ ಎಷ್ಟು ದಿನದಲ್ಲಿ ಮೆಕ್ಯಾನಿಕ್ ಬರುತ್ತಾರೆ ಎನ್ನುವುದನ್ನು ಬರವಣಿಗೆಯಲ್ಲೇ ಪಡೆಯಬೇಕು. ತಿಂಗಳಿಗೊಮ್ಮೆ ಬಿಲ್ಟಿ, ಟ್ರಿಪ್, ಬಾಕಿ ಎಲ್ಲವನ್ನೂ ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳಲು ಬರಬೇಕು. ಡಿವೈಸಿನ ಸರ್ವರ್ ವಿಳಾಸ ಬದಲಿಸುವ ಪಾಸ್‌ವರ್ಡನ್ನು ಒಪ್ಪಂದ ಮುಗಿದ ದಿನ ನಮಗೆ ಕೊಡಬೇಕು ಎಂಬ ಸಾಲನ್ನೂ ಸೇರಿಸಿ. ಅದಿಲ್ಲದಿದ್ದರೆ ಕಂಪನಿ ಬದಲಿಸುವಾಗ ಪ್ರತಿ ಲಾರಿಗೂ ಡಿವೈಸನ್ನು ಹೊಸದಾಗಿ ಕೊಳ್ಳಬೇಕಾಗುತ್ತದೆ.