ಆಸಿಡ್ ಒಂದು ಕಡೆ, ಸಯನೈಡ್ ಇನ್ನೊಂದು ಕಡೆ

ನಾನು ಪೀಣ್ಯದಲ್ಲಿ ಕಬ್ಬಿಣದ ಮಾಲಿಗೆ ಸತುವಿನ ಲೇಪ ಹಾಕುವ ಒಂದು ಜಿಂಕ್ ಪ್ಲೇಟಿಂಗ್ ಶೆಡ್ಡಿನಲ್ಲಿ ಸೂಪರ್‌ವೈಸರ್. ನಟ್ಟು, ಬೋಲ್ಟುಗಳ ತುಕ್ಕು ತೆಗೆಯಲು ಹೈಡ್ರೋಕ್ಲೋರಿಕ್ ಆಸಿಡ್, ಎಣ್ಣೆ ಜಿಡ್ಡಿಗೆ ಕಾಸ್ಟಿಕ್ ಸೋಡಾ, ಪ್ಲೇಟಿಂಗ್ ಟ್ಯಾಂಕಿನಲ್ಲಿ ಸೋಡಿಯಂ ಸಯನೈಡ್. ಸುರಕ್ಷತೆ ಅಂದ ಕೂಡಲೇ ಎಲ್ಲರೂ ಗ್ಲೌಸ್, ಕನ್ನಡಕದ ಮಾತೆತ್ತುತ್ತಾರೆ. ಅವು ಬೇಕೇ ಬೇಕು. ಆದರೆ ನಾನು ಮೊದಲು ನೋಡುವುದು ಯಾವುದರ ಪಕ್ಕ ಯಾವುದಿದೆ ಅಂತ.

ಸಯನೈಡಿಗೆ ಆಸಿಡ್ ತಾಗಿದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ. ಜೀವ ತೆಗೆಯುವ ವಿಷ ಅದು. ಕಹಿ ಬಾದಾಮಿ ವಾಸನೆ ಬರುತ್ತೆ ಅಂತಾರೆ, ಆದರೆ ಎಷ್ಟೋ ಜನರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ಅದಕ್ಕೇ ಸಯನೈಡನ್ನು ಬೀಗ ಹಾಕಿದ ಒಣ ಕೋಣೆಗೆ ಸಾಗಿಸಿದೆ. ಆಸಿಡ್ ಕ್ಯಾನುಗಳು ಶೆಡ್ಡಿನ ಇನ್ನೊಂದು ತುದಿಯಲ್ಲಿ, ಸುತ್ತ ಗಿಡ್ಡ ಕಟ್ಟೆಯೊಳಗೆ. ಮಗ್ಗು, ಬಕೆಟ್ ಕೂಡ ಬೇರೆ ಬೇರೆ ಬಣ್ಣದವು. ಜನ ಮರೆಯುವುದು ಮೋರಿಯನ್ನು. ಮೇಲೆ ಎಷ್ಟೇ ದೂರ ಇಟ್ಟರೂ ನೆಲ ತೊಳೆದ ನೀರು ಒಂದೇ ಮೋರಿಗೆ ಹರಿದರೆ ಎರಡೂ ಅಲ್ಲಿ ಸೇರುತ್ತವೆ, ಅಲ್ವಾ? ಆ ಮೋರಿಯನ್ನು ಒಡೆಸಿ ಎರಡು ಮಾಡಿಸಿದೆವು. ಆಸಿಡ್‌ನಿಂದ ಎತ್ತಿದ ಮಾಲನ್ನು ಎರಡು ನೀರಿನಲ್ಲಿ ಅದ್ದಿ, ತೊಟ್ಟಿಕ್ಕುವುದು ನಿಂತ ಮೇಲೇ ಮುಂದಕ್ಕೆ ಬಿಡುತ್ತೇವೆ.

ಆಸಿಡ್ ತೆಳು ಮಾಡುವಾಗ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಆಸಿಡ್. ಕಾಸ್ಟಿಕ್ ಬಿಲ್ಲೆಗಳೂ ಹಾಗೇ, ಅದೂ ತಣ್ಣೀರಿಗೆ. ಬಿಸಿನೀರಿಗೆ ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತೆ. ಕುಡಿಯುವ ನೀರಿನ ಬಾಟಲಿಯಲ್ಲಿ ಯಾವ ಕೆಮಿಕಲ್ಲೂ ಇರಕೂಡದು.

ಒಮ್ಮೆ ಒಬ್ಬ ಹುಡುಗನ ಕಣ್ಣಿಗೆ ಕಾಸ್ಟಿಕ್ ಹನಿ ಸಿಡಿಯಿತು. ನಲ್ಲಿ ಕೆಳಗೆ ತಲೆ ಹಿಡಿದು, ರೆಪ್ಪೆ ಬಿಡಿಸಿ ನೀರು ಹಾಯಿಸಿದೆವು. ಸ್ವಲ್ಪ ಹೊತ್ತಿಗೇ "ಉರಿ ಕಮ್ಮಿಯಾಯ್ತು, ಬಿಡಿ ಅಣ್ಣಾ" ಅಂದ. ಬಿಡಲಿಲ್ಲ. ಉರಿ ಇಳಿದರೂ ಕಾಸ್ಟಿಕ್ ಒಳಗೊಳಗೇ ಇಳಿಯುತ್ತಿರುತ್ತದೆ. ಗೋಡೆ ಗಡಿಯಾರ ನೋಡಿಕೊಂಡು ಪೂರ್ತಿ 15 ನಿಮಿಷ ತೊಳೆದು, ಆಮೇಲೆ ಆಸ್ಪತ್ರೆಗೆ ಕರೆದೊಯ್ದೆವು. ಜೊತೆಗೆ ಆ ಕೆಮಿಕಲ್ಲಿನ ಸುರಕ್ಷತಾ ಹಾಳೆಯನ್ನೂ ಒಯ್ದೆವು. ಡಾಕ್ಟರು ಮೊದಲು ಕೇಳಿದ್ದೇ ಅದನ್ನು. ಕಣ್ಣು ಉಳಿಯಿತು. ಆ ಹಾಳೆಯಲ್ಲಿ 16 ಭಾಗಗಳಿರುತ್ತವೆ, ಬಹುಪಾಲು ಇಂಗ್ಲಿಷ್. ಪ್ರಥಮ ಚಿಕಿತ್ಸೆ, ಯಾವುದರ ಜೊತೆ ಯಾವುದು ಸೇರಬಾರದು, ಏನು ತೊಡಬೇಕು ಎಂಬಷ್ಟನ್ನು ಕನ್ನಡ, ಹಿಂದಿಯಲ್ಲಿ ಬರೆಸಿ ಪ್ರತಿ ಟ್ಯಾಂಕಿನ ಪಕ್ಕ ಅಂಟಿಸಿದ್ದೇವೆ.

ಈಗ ಸಯನೈಡ್ ಇಲ್ಲದೆ ಕಾಸ್ಟಿಕ್ ದ್ರಾವಣದಲ್ಲೇ ಪ್ಲೇಟಿಂಗ್ ಮಾಡುವ ಆಲ್ಕಲೈನ್ ಜಿಂಕ್‌ಗೆ ಬದಲಾಗೋಣ ಅಂತ ಮಾಲೀಕರನ್ನು ಒಪ್ಪಿಸಿದ್ದೇನೆ. ಸಯನೈಡ್ ಟ್ಯಾಂಕು ಚೂರು ಜಿಡ್ಡಿದ್ದರೂ ತಡೆದುಕೊಳ್ಳುತ್ತದೆ, ಇದು ತಡೆಯುವುದಿಲ್ಲ. ಜಿಡ್ಡು ತೆಗೆಯಲು ಇನ್ನೊಂದು ಟ್ಯಾಂಕ್ ಬೇಕು. ಅದಕ್ಕೆ ಜಾಗ ಮಾಡುತ್ತಿದ್ದೇವೆ.