ಜರ್ಮನಿಯಲ್ಲಿ ಜರ್ಮನ್ ಸಾಹಿತ್ಯದ ಬಿಎ: ಸೇರುವ ಮುಂಚೆ ಇಷ್ಟು ಗೊತ್ತಿರಲಿ

ಮೊದಲೇ ಹೇಳಿಬಿಡುತ್ತೇನೆ. ಗೆರ್ಮಾನಿಸ್ಟಿಕ್, ಅಂದರೆ ಜರ್ಮನ್ ಭಾಷೆ-ಸಾಹಿತ್ಯದ ಅಧ್ಯಯನ, ಜರ್ಮನ್ ಕಲಿಸುವ ಕೋರ್ಸ್ ಅಲ್ಲ. ಜರ್ಮನ್ ಚೆನ್ನಾಗಿ ಬರುವವರು ಹೋಗಿ ಸೇರುವ ಕೋರ್ಸ್. ಬಿ1 ಅನ್ನುವ ನಡುವಿನ ಹಂತದ ಜರ್ಮನ್ ಮುಗಿಸಿ, "ಭಾಷೆ ಇಷ್ಟವಾಯ್ತು, ಇದರಲ್ಲೇ ಡಿಗ್ರಿ ಮಾಡಿದರೆ ಹೇಗೆ?" ಅಂತ ಕೇಳುವವರು ನಮ್ಮ ಕನ್ನಡದವರಲ್ಲಿ ಪ್ರತಿ ವರ್ಷ ಸಿಗುತ್ತಾರೆ. ಗಂಡನ ಜೊತೆಗೋ ಹೆಂಡತಿಯ ಜೊತೆಗೋ ಬಂದು ಸದ್ಯ ಮನೆಯಲ್ಲಿರುವವರು, ಪಿಯುಸಿ ಆಯ್ತು ಆದರೆ ಎಂಜಿನಿಯರಿಂಗ್ ಬೇಡವೇ ಬೇಡ ಅನ್ನುವ ಮಕ್ಕಳು. ಇವರಿಬ್ಬರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಒಬ್ಬ ಜರ್ಮನ್ ಹುಡುಗ ಮೈಸೂರಿಗೆ ಬಂದು ಕನ್ನಡ ಎಂಎ ಸೇರಿದ ಅಂದುಕೊಳ್ಳಿ. ಬಸ್ಸಿನಲ್ಲಿ ಟಿಕೆಟ್ ಕೇಳುವಷ್ಟು, ಅಂಗಡಿಯಲ್ಲಿ ಚೌಕಾಸಿ ಮಾಡುವಷ್ಟು ಕನ್ನಡ ಬರುತ್ತದೆ. ಕ್ಲಾಸಿನಲ್ಲಿ ಪಂಪ, ಕೇಶಿರಾಜ, ಪಕ್ಕದಲ್ಲಿ ಕುಳಿತವರೆಲ್ಲ ಕನ್ನಡದಲ್ಲೇ ಬೆಳೆದವರು. ಅವನ ಪಾಡು ಏನು ಅಲ್ವಾ? ಇಲ್ಲಿ ನಿಮ್ಮದೂ ಅದೇ ಪಾಡು. ಹಾಗಂತ ಆಗುವುದೇ ಇಲ್ಲ ಅಂತಲ್ಲ. ಮಾಡಿದವರಿದ್ದಾರೆ. ಆದರೆ ಸಿ1, ಅಂದರೆ ಬಿ1, ಬಿ2 ದಾಟಿದ ಮೇಲಿನ ಹಂತ, ಬಾಗಿಲು ಮಾತ್ರ. ಪ್ರವೇಶಕ್ಕೆ ಬೇಕಾದ ಜರ್ಮನ್ ಪರೀಕ್ಷೆಗಳಲ್ಲಿ ಹೆಚ್ಚಿನ ವಿಶ್ವವಿದ್ಯಾಲಯಗಳು ಡಿಎಸ್‌ಎಚ್-2 ಅಥವಾ ಟೆಸ್ಟ್‌ಡಾಫ್‌ನಲ್ಲಿ ನಾಲ್ಕೂ ಭಾಗಕ್ಕೆ 4 ಕೇಳುತ್ತವೆ. ಗೆರ್ಮಾನಿಸ್ಟಿಕ್‌ಗೆ ಮಾತ್ರ ಕೆಲವು ಕಡೆ ಅದಕ್ಕಿಂತ ಮೇಲಿನ ಡಿಎಸ್‌ಎಚ್-3 ಕೇಳುತ್ತಾರೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬಿ2 ಮುಗಿಸಿ ಬಂದಿದ್ದೀರಾ? ಒಳ್ಳೆಯದೇ, ಆದರೆ ಇನ್ನೂ ಒಂದು ವರ್ಷದ ಭಾಷೆಯ ಕೆಲಸ ಬಾಕಿ ಇದೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಒಳಗೆ ಏನು ಓದಿಸುತ್ತಾರೆ? ಬಿಎ ಆರು ಸೆಮಿಸ್ಟರ್, 180 ಕ್ರೆಡಿಟ್. ಸಾಮಾನ್ಯವಾಗಿ ಮೂರು ಕವಲು. ಲೆಸ್ಸಿಂಗ್, ಗಯಟೆ, ಕ್ಲೈಸ್ಟ್, ಫೊಂಟಾನೆ, ಕಾಫ್ಕಾ ಅಂತ ಈಚಿನ ಶತಮಾನಗಳ ಸಾಹಿತ್ಯ ಒಂದು. ಭಾಷಾವಿಜ್ಞಾನ ಇನ್ನೊಂದು. ಮೂರನೆಯದು ಮಧ್ಯಯುಗದ ಸಾಹಿತ್ಯ. ಜನ ಹೆದರುವುದು ಈ ಮೂರನೆಯದಕ್ಕೆ. 1200ರ ಸುಮಾರಿನ ನಿಬೆಲುಂಗೆನ್‌ಲೀಡ್, ವೋಲ್ಫ್ರಾಮ್ ಫಾನ್ ಎಷೆನ್‌ಬಾಖ್‌ನ ಪಾರ್ಸಿವಾಲ್, ವಾಲ್ಟರ್ ಫಾನ್ ಡೇರ್ ಫೋಗೆಲ್‌ವೈಡೆಯ ಹಾಡುಗಳು. ಎಲ್ಲವೂ ಆಗಿನ ಜರ್ಮನ್‌ನಲ್ಲಿ, ಅಂದರೆ ಮಿಟ್ಟೆಲ್‌ಹೋಖ್‌ಡಾಯ್ಚ್‌ನಲ್ಲಿ.

ನನ್ನ ಅಭಿಪ್ರಾಯ ಕೇಳಿದರೆ ನಮ್ಮವರು ಹೆದರಲೇಬಾರದ ವಿಷಯ ಇದು. ಯಾಕೆ ಅಂದರೆ ಇಲ್ಲಿ ಜರ್ಮನ್ ಮಕ್ಕಳಿಗೂ ಈ ಭಾಷೆ ಹೊಸದು. ಎಲ್ಲರೂ ಮೊದಲ ದಿನದಿಂದ ಒಟ್ಟಿಗೇ ಶುರು ಮಾಡುತ್ತಾರೆ, ಪಕ್ಕದವನ ಮಾತೃಭಾಷೆ ಅವನಿಗೆ ಅಷ್ಟೇನೂ ಸಹಾಯ ಮಾಡುವುದಿಲ್ಲ, ಎಷ್ಟೋ ಸಲ ಇವತ್ತಿನ ಅರ್ಥವನ್ನೇ ನಂಬಿ ಅವನೇ ದಾರಿ ತಪ್ಪುತ್ತಾನೆ. ಆಗಿನ 'ಮೀನ್ ನ್ಯೂವೆಸ್ ಹೂಸ್' ಈಗ 'ಮೈನ್ ನಾಯೆಸ್ ಹೌಸ್' ಆಗಿದೆ, ಸ್ವರ ಹೀಗೆ ಬದಲಾಯಿತು ಅಂತ ಮೊದಲ ವಾರಗಳಲ್ಲೇ ಹೇಳಿಕೊಡುತ್ತಾರೆ. (ಕನ್ನಡದವರು ಆ ಕೊನೆಯ ಪದಕ್ಕೆ ನಗದೇ ಕೂರುವುದು ಕಷ್ಟ, ಇರಲಿ.) ಪಾಲು ಹಾಲಾದದ್ದು, ಪೂ ಹೂವಾದದ್ದು ನಮಗೆ ಹೈಸ್ಕೂಲಿನಿಂದಲೇ ಗೊತ್ತು. ವಿಭಕ್ತಿ, ಸಮಾಸ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ ಭಾಷಾವಿಜ್ಞಾನದ ಕ್ಲಾಸೂ ಅಷ್ಟು ಭಾರ ಅನ್ನಿಸುವುದಿಲ್ಲ. ಆ ಕಾಲದ ಭಾಷೆಗೆ ಲೆಕ್ಸರ್ ನಿಘಂಟು ಇದೆ, ಗ್ರಿಮ್ ಸಹೋದರರು 1838ರಲ್ಲಿ ಕೈಹಾಕಿ ಕೊನೆಗೆ 1961ರಲ್ಲಿ ಪೂರ್ತಿಯಾದ ದೊಡ್ಡ ನಿಘಂಟೂ ಇದೆ. ಎರಡೂ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ, ದುಡ್ಡು ಕೊಟ್ಟು ಕೊಳ್ಳಬೇಡಿ.

ನಿಜವಾದ ಕಷ್ಟ ಇರುವುದು ಬರೆಯುವುದರಲ್ಲಿ. ಎಷ್ಟೋ ವಿಷಯಗಳಿಗೆ ಪರೀಕ್ಷೆ ಅಂದರೆ ಮೂರು ಗಂಟೆ ಕೂತು ಬರೆಯುವುದಲ್ಲ, ಹೌಸಾರ್ಬೈಟ್. ಹತ್ತು ಹದಿನೈದು ಪುಟದ ಪ್ರಬಂಧ, ವಿಷಯ ನೀವೇ ಹುಡುಕಬೇಕು, ಪ್ರೊಫೆಸರ್ ಹತ್ತಿರ ಅವರ ಭೇಟಿಯ ಹೊತ್ತಿನಲ್ಲಿ ಹೋಗಿ ಒಪ್ಪಿಸಬೇಕು, ಆಮೇಲೆ ಲೈಬ್ರರಿ. ನಮ್ಮ ಕಡೆ ಕವಿಯ ಹುಟ್ಟು, ಊರು, ಪ್ರಶಸ್ತಿ ಬರೆದರೆ ಅರ್ಧ ಉತ್ತರ ಆಗುತ್ತಿತ್ತು. ಇಲ್ಲಿ ಅದಕ್ಕೆ ಒಂದು ಅಂಕವೂ ಇಲ್ಲ. ಒಂದೇ ಒಂದು ಪ್ರಶ್ನೆ ಹಿಡಿದು, ಕೃತಿಯ ಸಾಲುಗಳನ್ನೇ ತೋರಿಸಿ ವಾದ ಮಾಡಬೇಕು, ಬೇರೆಯವರ ಮಾತಿಗೆ ಅಡಿಟಿಪ್ಪಣಿ ಇರಲೇಬೇಕು. ಫೆಬ್ರವರಿಯಲ್ಲಿ ಕ್ಲಾಸು ಮುಗಿಯಿತು, ಏಪ್ರಿಲ್‌ವರೆಗೆ ರಜೆ ಅಂತ ಊರಿಗೆ ಟಿಕೆಟ್ ಮಾಡಿಸುವವರು ಇದನ್ನು ಮರೆಯುತ್ತಾರೆ. ಪ್ರಬಂಧಗಳನ್ನು ಬರೆಯುವುದೇ ಆ ರಜೆಯಲ್ಲಿ. ಮುಗಿಸಿದ ಮೇಲೆ ಜರ್ಮನ್ ಸಹಪಾಠಿಯೊಬ್ಬರಿಗೆ ಕೊಟ್ಟು ಓದಿಸಿ, ಅದನ್ನು ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಬರವಣಿಗೆಗೆ ಸಹಾಯ ಮಾಡುವ ಕೇಂದ್ರವೂ ಇರುತ್ತದೆ.

ಪುಸ್ತಕದ ಖರ್ಚು ಮಾತ್ರ ಏನೇನೂ ಇಲ್ಲ. ರೆಕ್ಲಾಮ್‌ನವರ ಅಂಗೈ ಅಗಲದ ಹಳದಿ ಪುಸ್ತಕಗಳು ಕೆಲವೇ ಯೂರೊಗೆ ಸಿಗುತ್ತವೆ, ಹಳೆ ಪುಸ್ತಕದ ಅಂಗಡಿಯಲ್ಲಿ ಇನ್ನೂ ಅಗ್ಗ. 1867ರಲ್ಲಿ ಗಯಟೆಯ ಫೌಸ್ಟ್‌ನಿಂದ ಶುರುವಾದ ಮಾಲೆ ಅದು.

ಈಗ ಪ್ರವೇಶದ ಮಾತು. ಬರೀ ಪಿಯುಸಿ ಆಗಿದ್ದರೆ ಸಾಮಾನ್ಯವಾಗಿ ನೇರವಾಗಿ ಬಿಎಗೆ ಸೇರಿಸುವುದಿಲ್ಲ. ಭಾರತದಲ್ಲಿ ಒಂದು ವರ್ಷ ಡಿಗ್ರಿ ಓದಿ ಪಾಸಾಗಿರಬೇಕು, ಇಲ್ಲವೇ ಇಲ್ಲಿ ವಿಶ್ವವಿದ್ಯಾಲಯಕ್ಕೆ ತಯಾರು ಮಾಡುವ ಸ್ಟುಡಿಯನ್‌ಕೊಲೆಗ್‌ನಲ್ಲಿ ಒಂದು ವರ್ಷ ಓದಬೇಕು. ನಾನಾದರೆ ಮೊದಲನೆಯದನ್ನೇ ಹೇಳುತ್ತೇನೆ. ದೆಹಲಿಯ ಜೆಎನ್‌ಯು ಅಥವಾ ಹೈದರಾಬಾದಿನ ಭಾಷೆಗಳ ವಿಶ್ವವಿದ್ಯಾಲಯ ಇಫ್ಲುವಿನಲ್ಲಿ ಜರ್ಮನ್ ಬಿಎ ಇದೆ, ಅಲ್ಲಿ ಸೇರಿದರೆ ಇದು ನಿಮ್ಮ ದಾರಿ ಹೌದೋ ಅಲ್ಲವೋ ಅನ್ನುವುದೂ ಕಡಿಮೆ ಖರ್ಚಿನಲ್ಲಿ ಗೊತ್ತಾಗುತ್ತದೆ. ಅಲ್ಲೇ ಮೂರು ವರ್ಷ ಮುಗಿಸಿ ಇಲ್ಲಿಗೆ ಎಂಎಗೆ ಬಂದರೂ ನಷ್ಟವಿಲ್ಲ. ಭಾರತದ ಡಿಗ್ರಿ ಆಗಲೇ ಕೈಯಲ್ಲಿದ್ದವರಿಗೆ, ಅದು ಬಿಇ ಆಗಿರಲಿ ಬಿಕಾಂ ಆಗಿರಲಿ, ಈ ತೊಡಕು ಸಾಮಾನ್ಯವಾಗಿ ಬರುವುದಿಲ್ಲ. ಭಾರತದಿಂದ ವಿದ್ಯಾರ್ಥಿ ವೀಸಾ ಕೇಳುವವರಿಗೆ 2022ರ ನವೆಂಬರ್‌ನಿಂದ ಎಪಿಎಸ್ ಸರ್ಟಿಫಿಕೇಟ್ (ನಿಮ್ಮ ಅಂಕಪಟ್ಟಿ ಪರಿಶೀಲಿಸಿ ಕೊಡುವ ಪತ್ರ) ಕಡ್ಡಾಯ. ಬ್ಲಾಕ್ಡ್ ಅಕೌಂಟಿನ, ಅಂದರೆ ವೀಸಾಗಾಗಿ ಖರ್ಚಿಗೆಂದು ಮೊದಲೇ ಬ್ಯಾಂಕಿನಲ್ಲಿ ಇಟ್ಟು ತೋರಿಸಬೇಕಾದ ದುಡ್ಡಿನ, ಮೊತ್ತ 2024ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 11,904 ಯೂರೊ ಆಯಿತು, ನೀವು ಹೊರಡುವ ವರ್ಷ ಎಷ್ಟಿದೆ ನೋಡಿಕೊಳ್ಳಿ.

ಫೀಸು ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಲ್ಲ, ಸೆಮಿಸ್ಟರ್ ಶುಲ್ಕ ಕಟ್ಟಿದರೆ ಸಾಕು. ಆದರೆ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ, ಅಂದರೆ ಹೈಡೆಲ್‌ಬೆರ್ಗ್, ಟ್ಯೂಬಿಂಗನ್, ಫ್ರೈಬುರ್ಗ್, ಸ್ಟುಟ್‌ಗಾರ್ಟ್ ಎಲ್ಲ ಕಡೆ, ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೊ ಇದೆ. ಕೆಲವು ಬಗೆಯ ಪರ್ಮಿಟ್ ಇದ್ದವರಿಗೆ ವಿನಾಯಿತಿ ಉಂಟು, ಸಂಗಾತಿಯ ವೀಸಾದಲ್ಲಿ ಇರುವವರು ಸುಮ್ನೆ ಕಟ್ಟುವ ಮುಂಚೆ ಆಫೀಸಿಗೆ ಒಂದು ಮೇಲ್ ಹಾಕಿ ಕೇಳಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಆರು ಸೆಮಿಸ್ಟರ್ ಒಪ್ಪಿಕೊಳ್ಳಲು ಧೈರ್ಯ ಬರುತ್ತಿಲ್ಲ ಅನ್ನುವವರು ಗಾಸ್ಟ್‌ಹೋರರ್ ಆಗಿ ಸೇರಬಹುದು. ಪರೀಕ್ಷೆ ಇಲ್ಲ, ಡಿಗ್ರಿ ಇಲ್ಲ, ಸ್ವಲ್ಪ ಶುಲ್ಕ ಕೊಟ್ಟು ಕ್ಲಾಸಿನಲ್ಲಿ ಕೂರಬಹುದು. ಒಂದು ಸೆಮಿಸ್ಟರ್ ಹಾಗೆ ಕೂತರೆ ನನ್ನ ಈ ಬರಹಕ್ಕಿಂತ ಜಾಸ್ತಿ ಗೊತ್ತಾಗುತ್ತದೆ. ಹಾಗನ್‌ನ ದೂರಶಿಕ್ಷಣ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ ಸೇರಿದ ಒಂದು ಬಿಎ ಇದೆ, ಅದನ್ನೂ ನೋಡಿ.

ಕೆಲಸ ಸಿಗುತ್ತದಾ? ಈ ಬಿಎ ತೋರಿಸಿದ ಕೂಡಲೇ ಕೆಲಸ ಕೊಡುವವರು ಯಾರೂ ಇಲ್ಲ. ಶಾಲೆಯಲ್ಲಿ ಜರ್ಮನ್ ಟೀಚರ್ ಆಗುವ ಆಸೆ ಇದ್ದರೆ ಸಾದಾ ಬಿಎ ಬೇಡ, ಲೇರಾಮ್ಟ್ ಅನ್ನುವ ಬೇರೆ ದಾರಿ ಹಿಡಿಯಿರಿ, ಅದಕ್ಕೆ ಇನ್ನೊಂದು ವಿಷಯವೂ ಬೇಕು, ಕೊನೆಗೆ ಶಾಲೆಯಲ್ಲೇ ತರಬೇತಿಯೂ ಇದೆ. ವಲಸಿಗರಿಗೆ ಜರ್ಮನ್ ಕಲಿಸಬೇಕು ಅನ್ನುವವರಿಗೆ ಡಾಯ್ಚ್ ಆಲ್ಸ್ ಫ್ರೆಂಡ್‌ಸ್ಪ್ರಾಖೆ (ಪರಭಾಷೆಯಾಗಿ ಜರ್ಮನ್) ಸರಿಯಾದದ್ದು, ಲೈಪ್ಸಿಗ್‌ನ ಹೆರ್ಡರ್ ಇನ್‌ಸ್ಟಿಟ್ಯೂಟ್ ಅದಕ್ಕೆ ಹೆಸರುವಾಸಿ. ಜರ್ಮನ್ ಬಾರದೆ ಬಂದು ಕಲಿತವರು ಒಳ್ಳೆಯ ಟೀಚರ್ ಆಗುವುದನ್ನು ನೋಡಿದ್ದೇನೆ, ವಿದ್ಯಾರ್ಥಿ ಎಲ್ಲಿ ಎಡವುತ್ತಾನೆ ಅಂತ ಅವರಿಗೆ ಗೊತ್ತಿರುತ್ತದೆ. ಇನ್ನು ಬೆಂಗಳೂರಿಗೆ ವಾಪಸ್ ಹೋಗಿ ಜರ್ಮನ್ ಕಂಪನಿ ಸೇರುವುದೇ ಗುರಿಯಾದರೆ ಅಲ್ಲಿ ಕೇಳುವುದು ಸಿ1 ಸರ್ಟಿಫಿಕೇಟ್, ನಿಬೆಲುಂಗೆನ್‌ಲೀಡ್ ಅಲ್ಲ. ಡಿಗ್ರಿ ಮುಗಿದ ಮೇಲೆ ಇಲ್ಲೇ ಕೆಲಸ ಹುಡುಕಲು 18 ತಿಂಗಳ ಪರ್ಮಿಟ್ ಸಿಗುತ್ತದೆ.

ಎಷ್ಟೋ ಕಡೆ ಜೊತೆಗೆ ಎರಡನೇ ವಿಷಯ ತೆಗೆದುಕೊಳ್ಳಬೇಕು, ಕೆಲಸದ ದೃಷ್ಟಿಯಿಂದ ಅದನ್ನು ಯೋಚಿಸಿ ಆರಿಸಿ. ಮಾಧ್ಯಮ, ಇಂಗ್ಲಿಷ್, ಅರ್ಥಶಾಸ್ತ್ರ ಯಾವುದೂ ಆಗಬಹುದು. ಅನುವಾದದ ಕಡೆ ಒಲವಿದ್ದರೆ ವುರ್ಟ್ಸ್‌ಬುರ್ಗ್ ನೋಡಿ, ಅಲ್ಲಿನ ಇಂಡಾಲಜಿ (ಭಾರತ ಅಧ್ಯಯನ) ವಿಭಾಗದಲ್ಲಿ ಕನ್ನಡ ಕಲಿಸಿಕೊಂಡು ಬಂದಿದ್ದಾರೆ. ಚಳಿಗಾಲದ ಸೆಮಿಸ್ಟರ್‌ಗೆ ಅರ್ಜಿ ಹಾಕಲು ಹೆಚ್ಚಿನ ಕಡೆ ಜುಲೈ 15 ಕೊನೆ. ಎಪಿಎಸ್‌ಗೂ ಭಾಷಾ ಪರೀಕ್ಷೆಯ ಫಲಿತಾಂಶಕ್ಕೂ ವಾರಗಟ್ಟಲೆ ಕಾಯಬೇಕಾಗುತ್ತದೆ, ಹಾಗಾಗಿ ಸಂಕ್ರಾಂತಿ ಹೊತ್ತಿಗೆ ಕಾಗದಪತ್ರ ಹೊಂದಿಸಲು ಶುರು ಮಾಡಿ.