ಮನೆಯ ಹಿರಿಯರು ಕಾಣೆಯಾದರೆ: ಉಪಯೋಗಕ್ಕೆ ಬರುವ ಸಂದೇಶ ಬರೆಯುವುದು ಹೇಗೆ?

ಮರೆವಿನ ಕಾಯಿಲೆ ಇರುವ ಹಿರಿಯರು ಮನೆಯಿಂದ ಹೊರಟುಹೋದರೆ ಅಮೆರಿಕದ ಹಲವು ರಾಜ್ಯಗಳಲ್ಲಿ 'ಸಿಲ್ವರ್ ಅಲರ್ಟ್' ಹೊರಡಿಸುತ್ತಾರೆ. ಹೆದ್ದಾರಿಯ ಬೋರ್ಡುಗಳಲ್ಲಿ, ಟಿವಿಯಲ್ಲಿ ವಿವರ ಬರುತ್ತದೆ. ದಕ್ಷಿಣ ಕೊರಿಯಾದಲ್ಲಿ 2021ರಿಂದ ಪೊಲೀಸರೇ ಆ ಊರಿನವರ ಮೊಬೈಲುಗಳಿಗೆ ಸಂದೇಶ ಕಳಿಸುತ್ತಾರೆ. ನಮ್ಮಲ್ಲೂ 2023ರ ಅಕ್ಟೋಬರ್‌ನಲ್ಲಿ ಎಲ್ಲರ ಫೋನೂ ಒಮ್ಮೆಲೇ ಜೋರಾಗಿ ಬಡಿದುಕೊಂಡಿತು, ನೆನಪಿದೆಯಲ್ವಾ? ಅದು ನೆರೆ, ಭೂಕಂಪದಂಥ ವಿಪತ್ತಿಗೆ ಮಾಡಿದ ವ್ಯವಸ್ಥೆಯ ಪರೀಕ್ಷೆ. ದಾರಿ ತಪ್ಪಿದ ಅಜ್ಜ, ಅಜ್ಜಿಯರಿಗೂ ಅದನ್ನು ಬಳಸಬೇಕು. ಅಲ್ಲಿಯವರೆಗೆ ಮಂಗಳೂರು, ಉಡುಪಿಯಲ್ಲಿ ನಮ್ಮ ಅಲರ್ಟ್ ಅಂದರೆ ವಾಟ್ಸಾಪ್. ಗ್ರೂಪುಗಳಲ್ಲಿ ಬರುವ 'ಕಾಣೆಯಾಗಿದ್ದಾರೆ' ಸಂದೇಶಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಯಾವತ್ತಿನದು ಗೊತ್ತಿಲ್ಲ, ಯಾವ ಊರು ಗೊತ್ತಿಲ್ಲ, ಫೋಟೋ ಇಪ್ಪತ್ತು ವರ್ಷ ಹಳೆಯದು.

ಮೊದಲು ಮನೆ ಸುತ್ತ

ಬಚ್ಚಲು, ಹಟ್ಟಿ, ಟೆರೇಸು, ಬಾವಿಕಟ್ಟೆ, ತೋಡು, ತೋಟ. ಹೆಸರು ಕೂಗಿದರೆ ಸಾಲದು, ಕಣ್ಣಿಂದ ನೋಡಬೇಕು. ಮರೆವು ಇರುವವರು ಎಷ್ಟೋ ಸಲ ಓಗೊಡುವುದಿಲ್ಲ. ಒಬ್ಬರು ಮನೆಯಲ್ಲೇ ಇರಲಿ, ಹೋದವರು ತಾವಾಗಿಯೇ ವಾಪಸ್ ಬರಬಹುದು. ಅವರ ಕೈಯಲ್ಲಿ ಮೊಬೈಲ್ ಇದ್ದರೆ ಹತ್ತು ಜನ ಸಾಲಾಗಿ ಕರೆ ಮಾಡಿ ಬ್ಯಾಟರಿ ಮುಗಿಸಬೇಡಿ. ಆ ನಂಬರ್ ಪೊಲೀಸರಿಗೆ ಕೊಡಿ.

ಪೊಲೀಸರಿಗೆ ಕೂಡಲೇ

'24 ಗಂಟೆ ಕಾಯಬೇಕು' ಅನ್ನುವುದು ಸುಳ್ಳು. ಅಂಥ ನಿಯಮವೇ ಇಲ್ಲ. 112ಕ್ಕೆ ಕರೆ ಮಾಡಿ, ಹತ್ತಿರದ ಠಾಣೆಗೂ ಒಬ್ಬರು ಹೋಗಿ. ಮೊದಲ ವಾಕ್ಯದಲ್ಲೇ 'ಮರೆವಿನ ಕಾಯಿಲೆ ಇದೆ, ಮನೆ ದಾರಿ ಗೊತ್ತಾಗುವುದಿಲ್ಲ' ಅನ್ನಿ. ಬರೀ 'ಅಪ್ಪ ಕಾಣುತ್ತಿಲ್ಲ' ಅಂದರೆ ಸಂಜೆಗೆ ಬರುತ್ತಾರೆ ಬಿಡಿ ಎಂಬ ಉತ್ತರ ಬಂದೀತು. ದೂರಿನ ಪ್ರತಿ ಕೇಳಿ ತೆಗೆದುಕೊಳ್ಳಿ. ಮಂಗಳೂರು ನಗರ ಕಮಿಷನರೇಟಿಗೆ ಸೇರಿದ್ದು, ಬಂಟ್ವಾಳ, ಪುತ್ತೂರು ಜಿಲ್ಲಾ ಪೊಲೀಸರಿಗೆ, ಉಡುಪಿ ಬೇರೆಯೇ ಜಿಲ್ಲೆ. ಎಕ್ಸ್‌ಪ್ರೆಸ್ ಬಸ್ ಹತ್ತಿದವರಿಗೆ ಈ ಗಡಿಗಳು ಲೆಕ್ಕಕ್ಕಿಲ್ಲ. ಹಾಗಾಗಿ 'ಪಕ್ಕದ ಠಾಣೆಗಳಿಗೂ ತಿಳಿಸಿದ್ದೀರಾ?' ಅಂತ ಕೇಳಲು ಸಂಕೋಚ ಬೇಡ.

ಸಂದೇಶ ಬರೆಯುವುದು

ಎಲ್ಲರೂ ಎಡವುವುದು ಇಲ್ಲೇ. ಗಾಬರಿ ಇರುತ್ತದೆ, ಅವಸರ ಇರುತ್ತದೆ. ಆದರೂ ಹತ್ತು ನಿಮಿಷ ಕೂತು ಬರೆಯಿರಿ.

ಫೋಟೋದಿಂದ ಶುರು ಮಾಡೋಣ. ಮಗಳ ಮದುವೆಯಲ್ಲಿ ಪೇಟ ಸುತ್ತಿಕೊಂಡು ನಿಂತ ಫೋಟೋ ಖಂಡಿತ ಬೇಡ. ಆಧಾರ್ ಕಾರ್ಡಿನ ಫೋಟೋವೂ ಬೇಡ, ಕಾರ್ಡನ್ನೇ ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ. ಈಚಿನ ಫೋಟೋ ಬೇಕು: ಬಿಳಿ ಗಡ್ಡ ಇದ್ದರೆ ಗಡ್ಡದ್ದು, ದಿನಾ ಕನ್ನಡಕ ಹಾಕುವವರಾದರೆ ಕನ್ನಡಕದ್ದು. ಒಂದು ಮುಖದ್ದು, ಸಾಧ್ಯವಾದರೆ ಒಂದು ನಿಂತದ್ದು. ದೂರದಿಂದ ನೋಡುವವರಿಗೆ ಮುಖಕ್ಕಿಂತ ನಡಿಗೆ, ಬೆನ್ನಿನ ಬಾಗು ಬೇಗ ಗುರುತು ಸಿಗುತ್ತದೆ.

ಬರಹವನ್ನು ಫೋಟೋದ ಮೇಲೆಯೇ ಹಾಕಿ, ಒಂದೇ ಚಿತ್ರ ಮಾಡಿ. ಬೇರೆ ಬೇರೆ ಕಳಿಸಿದರೆ ನಾಲ್ಕನೇ ಗ್ರೂಪ್ ತಲುಪುವಾಗ ಫೋಟೋ ಒಂದು ಕಡೆ, ವಿವರ ಇನ್ನೊಂದು ಕಡೆ. ಮೇಲ್ಗಡೆ ದೊಡ್ಡದಾಗಿ ತಾರೀಕು, ಗಂಟೆ, ವರ್ಷ. 'ಇಂದು ಬೆಳಿಗ್ಗೆಯಿಂದ' ಎಂದು ಬರೆದರೆ ಮುಂದಿನ ವರ್ಷವೂ ಅದು 'ಇಂದು' ಅಂತಲೇ ಸುತ್ತುತ್ತಿರುತ್ತದೆ. ಆಮೇಲೆ ನಿಜವಾಗಿ ಕಾಣೆಯಾದವರ ಸಂದೇಶವನ್ನೂ ಜನ ಹಳೆಯದು ಅಂತ ಬಿಟ್ಟುಬಿಡುತ್ತಾರೆ.

ಮಾದರಿ ನೋಡಿ:

'ದಿನಾಂಕ, ವರ್ಷ ಸಮೇತ. ಬೆಳಿಗ್ಗೆ 7 ಗಂಟೆ. ಕಾವೂರಿನ ಮನೆಯಿಂದ ನಡೆದು ಹೋಗಿದ್ದಾರೆ. ವಯಸ್ಸು 76, ಸಪೂರ, ಸುಮಾರು ಐದಡಿ. ಹಸಿರು ಹೂವಿನ ನೈಟಿ, ಹೆಗಲಲ್ಲಿ ಬಿಳಿ ಬೈರಾಸು, ನೀಲಿ ಹವಾಯಿ ಚಪ್ಪಲಿ, ಕೈಯಲ್ಲಿ ಹಳದಿ ತೊಟ್ಟೆ. ಎಡಗಾಲು ಎಳೆದು ನಡೆಯುತ್ತಾರೆ. ಮರೆವಿನ ಕಾಯಿಲೆ. ತುಳು ಮಾತ್ರ ಮಾತಾಡುತ್ತಾರೆ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಅಕ್ಕ ಅಂದರೆ ತಿರುಗುತ್ತಾರೆ. ತಾಯಿಮನೆ ಮೂಲ್ಕಿ, ಅಲ್ಲಿಗೆ ಹೋಗಬೇಕು ಅನ್ನುತ್ತಿರುತ್ತಾರೆ. ಕಂಡರೆ ಕೂರಿಸಿ, ನೀರು ಕೊಟ್ಟು, ಈ ನಂಬರಿಗೆ ಕರೆ ಮಾಡಿ, ಅಥವಾ 112.'

ತಾಯಿಮನೆಯ ಸಾಲು ಬಹಳ ಮುಖ್ಯ. ಮರೆವು ಜಾಸ್ತಿ ಆದವರು ಹುಡುಕಿಕೊಂಡು ಹೋಗುವುದು ಎಷ್ಟೋ ಸಲ ಹಳೆಯ ಮನೆ, ಹಳೆಯ ಕೆಲಸದ ಜಾಗ. ದಿನವಿಡೀ ಕಾವೂರಿನಲ್ಲಿ ಹುಡುಕುತ್ತಾ ಕೂತರೆ ಅವರು ಮೂಲ್ಕಿ ಬಸ್ಸಿನಲ್ಲಿ ಇರಬಹುದು. ಭಾಷೆಯೂ ಹಾಗೇ. ಕೊನೆಗೆ ಉಳಿಯುವುದು ಬಾಲ್ಯದ ಮಾತು. ಕೊಂಕಣಿಯೋ, ಬ್ಯಾರಿಯೋ ಬರೆಯಿರಿ. ತುಳುವಿನವರಾದರೆ 'ಒಣಸ್ ಆಂಡಾ?' (ಊಟ ಆಯ್ತಾ?) ಎಂದು ಕೇಳಿದರೆ ಸಾಕು, ಎಷ್ಟೋ ಸಲ ಅವರು ನಿಲ್ಲುತ್ತಾರೆ.

'ಮಾನಸಿಕ ಅಸ್ವಸ್ಥ' ಎಂದು ಬರೆಯಲೇಬೇಡಿ. ಓದಿದವರು ಹೆದರಿ ದೂರ ಸರಿಯುತ್ತಾರೆ. 2018ರಲ್ಲಿ ಮಕ್ಕಳ ಕಳ್ಳರು ಎಂಬ ವಾಟ್ಸಾಪ್ ವದಂತಿಗೆ ಬೀದರ್ ಜಿಲ್ಲೆಯಲ್ಲಿ ಒಬ್ಬರ ಪ್ರಾಣವೇ ಹೋಯಿತು. ಗೊತ್ತಿಲ್ಲದ ಊರಿನಲ್ಲಿ ಕಂಡವರ ಮನೆ ಬಾಗಿಲು ತಟ್ಟುವ ಅಜ್ಜನಿಗೂ ಆ ಅಪಾಯ ಇದೆ. ಮನೆ ವಿಳಾಸ, ಒಡವೆ ವಿವರವೂ ಬೇಡ. 'ಹತ್ತು ಗ್ರೂಪಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ' ಎಂಬ ಸಾಲು ಹಾಕಿದರೆ ಜನ ಸುಳ್ಳು ಮೆಸೇಜ್ ಅಂದುಕೊಳ್ಳುತ್ತಾರೆ. ಬದಲಿಗೆ ಠಾಣೆಯ ಹೆಸರು, ದೂರಿನ ಸಂಖ್ಯೆ ಹಾಕಿ.

ಇನ್ನೊಂದು ಗುಟ್ಟು. ಅದೇ 2018ರಲ್ಲಿ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಎಂಬ ಮಿತಿ ತಂದಿತು. 2020ರಿಂದ ತುಂಬಾ ಸುತ್ತಿದ ಸಂದೇಶ ಒಂದು ಸಲಕ್ಕೆ ಒಂದೇ ಕಡೆ ಹೋಗುತ್ತದೆ. ಆದ್ದರಿಂದ ಚಿತ್ರವನ್ನು ಗ್ಯಾಲರಿಗೆ ಸೇವ್ ಮಾಡಿ ಹೊಸದಾಗಿ ಕಳಿಸಿ. ನೆಂಟರಿಗೂ ಹಾಗೇ ಮಾಡಲು ಹೇಳಿ.

ಯಾರಿಗೆ ಕಳಿಸುವುದು

ಊರವರ ಗ್ರೂಪಿಗಿಂತ ಮೊದಲು ರಿಕ್ಷಾ ಪಾರ್ಕ್, ಬಸ್ ಕಂಡಕ್ಟರುಗಳು. ದಿನವಿಡೀ ರಸ್ತೆ ನೋಡುವವರು ಅವರು. ಮಂಗಳೂರಿನ ಸ್ಟೇಟ್‌ಬ್ಯಾಂಕ್, ಬಿಜೈ ಬಸ್ ನಿಲ್ದಾಣ, ಉಡುಪಿಯ ಸಿಟಿ ಮತ್ತು ಸರ್ವಿಸ್ ಬಸ್ ನಿಲ್ದಾಣಕ್ಕೆ ಪ್ರಿಂಟ್ ಹಿಡಿದು ಒಬ್ಬೊಬ್ಬರು ಹೋಗಲಿ. ರೈಲಿನ ಕಡೆಗೆ ರೈಲ್ವೆ ಸಹಾಯವಾಣಿ 139. ಮಂಗಳೂರಿನಲ್ಲಿ ಸೆಂಟ್ರಲ್, ಜಂಕ್ಷನ್ ಎಂದು ಎರಡು ರೈಲು ನಿಲ್ದಾಣ ಇವೆ, ಒಂದನ್ನೇ ನೋಡಿ ಬರಬೇಡಿ. ಕಾಸರಗೋಡು ಕಡೆಗೆ ಮಲಯಾಳದಲ್ಲೂ ಎರಡು ಸಾಲು ಇರಲಿ. ಕೃಷ್ಣ ಮಠ, ಕಟೀಲಿನಂಥ ಊಟ ಸಿಗುವ ಕಡೆ, ವೆನ್ಲಾಕ್ ಆಸ್ಪತ್ರೆಯಲ್ಲಿ ವಿಚಾರಿಸಿ. ಮಸೀದಿ, ಭಜನಾ ಮಂದಿರ, ಇಗರ್ಜಿಯ ಮೈಕಿನಲ್ಲಿ ಹೇಳಿಸಿ. ದಾರಿಯ ಅಂಗಡಿಗಳ ಸಿಸಿಟಿವಿ ಅವತ್ತೇ ನೋಡಿ, ಹಳೆಯದು ತಾನಾಗಿ ಅಳಿದುಹೋಗುತ್ತದೆ.

ಕರೆ ಬಂದಾಗ

ಕರೆ ತೆಗೆಯುವುದು ಒಬ್ಬರೇ, ನೋಟ್‌ಬುಕ್ ಇಟ್ಟುಕೊಂಡು. 'ಸಿಕ್ಕಿದ್ದಾರೆ, ಗಾಡಿ ಖರ್ಚಿಗೆ ದುಡ್ಡು ಹಾಕಿ' ಎಂದರೆ ಮೊದಲು ವಿಡಿಯೋ ಕಾಲ್‌ನಲ್ಲಿ ಮುಖ ತೋರಿಸಿ ಅನ್ನಿ. ಅಲ್ಲಿಯವರೆಗೆ ಒಂದು ರೂಪಾಯಿಯೂ ಬೇಡ.

ಸಿಕ್ಕ ಮೇಲೆ ಬೈಯಬೇಡಿ, 'ಎಲ್ಲಿ ಹೋಗಿದ್ದೆ' ಎಂದು ವಿಚಾರಣೆ ಬೇಡ. ನೀರು ಕೊಟ್ಟು ಡಾಕ್ಟರಿಗೆ ತೋರಿಸಿ. ಠಾಣೆಗೆ ತಿಳಿಸಿ. ಅದೇ ಚಿತ್ರದ ಮೇಲೆ ಅಡ್ಡವಾಗಿ 'ಸಿಕ್ಕಿದ್ದಾರೆ' ಎಂದು ಬರೆದು ಕಳಿಸಿದ ಎಲ್ಲ ಗ್ರೂಪಿಗೂ ಹಾಕಿ. ಗೋಡೆಯ ಪೋಸ್ಟರ್ ಕಿತ್ತು ತೆಗೆಯಿರಿ.

ಇವತ್ತೇ ಮಾಡಿಡಬೇಕಾದ್ದು

ಬ್ರಿಟನ್ನಿನಲ್ಲಿ 'ಹರ್ಬರ್ಟ್ ಪ್ರೋಟೋಕಾಲ್' ಎಂದಿದೆ. ಇಂಥ ವಿವರಗಳನ್ನೆಲ್ಲ ಮನೆಯವರು ಮುಂಚೆಯೇ ಒಂದು ಫಾರಂನಲ್ಲಿ ತುಂಬಿಡುತ್ತಾರೆ, ಬೇಕಾದಾಗ ಪೊಲೀಸರಿಗೆ ಕೊಡುತ್ತಾರೆ. ನೀವೂ ಮೇಲಿನ ಮಾದರಿಯನ್ನು ತಾರೀಕು, ಬಟ್ಟೆ ಬಿಟ್ಟು ಈಗಲೇ ಬರೆದು ಮೊಬೈಲಿನಲ್ಲಿ ಇಡಿ. ಸಲಹೆ ಬೇಕಿದ್ದರೆ ಹಿರಿಯರ ಸಹಾಯವಾಣಿ 14567 ಇದೆ.

ಆನ್‌ಲೈನಿನಲ್ಲಿ 'ಜಿಪಿಎಸ್ ಟ್ಯಾಗ್' ಎಂದು ಅಗ್ಗಕ್ಕೆ ಮಾರುವವು ಎಷ್ಟೋ ಬರೀ ಬ್ಲೂಟೂತ್. ಹತ್ತಿರದಲ್ಲಿ ಬೇರೆ ಮೊಬೈಲುಗಳು ಇಲ್ಲದಿದ್ದರೆ ಅಡಿಕೆ ತೋಟದೊಳಗೆ ಅದು ಏನೂ ಹೇಳದು. ನಿಜವಾದ ಜಿಪಿಎಸ್ ವಾಚಿಗೆ ಚಾರ್ಜ್ ಬೇಕು, ಹಿರಿಯರು ಬಿಚ್ಚಿಡುತ್ತಾರೆ. ಕಿಸೆಯಲ್ಲಿ ಚೀಟಿ ಇಟ್ಟರೆ ಮಳೆಗೆ ಮುದ್ದೆಯಾಗುತ್ತದೆ. ನನ್ನ ಕೇಳಿದರೆ ಬಟ್ಟೆಯ ಪಟ್ಟಿಯೇ ಒಳ್ಳೆಯದು. ಬಿಳಿ ನೂಲಿನ ಪಟ್ಟಿಯಲ್ಲಿ ಅಳಿಯದ ಶಾಯಿಯಿಂದ ಎರಡು ಫೋನ್ ನಂಬರ್ ಬರೆದು, ಅಂಗಿಯ ಕಾಲರಿನ ಒಳಗೆ, ರವಕೆಯ ಬೆನ್ನಿನ ಒಳಗೆ ಹೊಲಿಯಿರಿ. ಒಂದಕ್ಕಲ್ಲ, ದಿನಾ ಉಡುವ ಎಲ್ಲದಕ್ಕೂ. ರಿಕ್ಷಾ ಪಾರ್ಕಿನವರಿಗೂ ಪಟ್ಟಿ ಎಲ್ಲಿದೆ ಎಂದು ಹೇಳಿಡಿ.